ಚಹಾದ ಒಗರು, ಬೆಳಗಿನ ತಟ್ಟೆ

ಕನ್ನಡದಲ್ಲಿ ಕಹಿ ಬೇರೆ, ಒಗರು ಬೇರೆ. ಹಾಗಲಕಾಯಿ ಕಹಿ. ನೇರಳೆ ಹಣ್ಣು, ಗೇರುಹಣ್ಣು, ಬಾಳೆಕಾಯಿ, ಅಡಕೆ ಒಗರು. ಕಹಿ ನಾಲಿಗೆಗೆ ತಿಳಿಯುವ ರುಚಿ. ಒಗರು ಇಡೀ ಬಾಯಿಗೆ ಆಗುವ ಅನುಭವ: ನಾಲಿಗೆ ಒರಟಾಗುತ್ತದೆ, ಕೆನ್ನೆಯ ಒಳಭಾಗ ಹಿಡಿದುಕೊಂಡ ಹಾಗಾಗುತ್ತದೆ, ಬಾಯಿ ಒಣಗುತ್ತದೆ. ಚಹಾವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪದ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಬೆಳಗಾದರೆ ನಾವು ಹಾಲು-ಸಕ್ಕರೆ ಹಾಕಿ ಕುದಿಸುತ್ತೇವೆ. ಕಾಶ್ಮೀರದವರು ಸೋಡಾ ಮತ್ತು ಉಪ್ಪು ಹಾಕುತ್ತಾರೆ. ಟಿಬೆಟಿನವರು ಬೆಣ್ಣೆ ಹಾಕಿ ಕಡೆಯುತ್ತಾರೆ. ತುರ್ಕಿಯವರು ಹಾಲು ಮುಟ್ಟುವುದೇ ಇಲ್ಲ, ಜಪಾನಿನವರು ಸಕ್ಕರೆಯನ್ನೂ ಮುಟ್ಟುವುದಿಲ್ಲ. ಇವೆಲ್ಲ ಬರೀ ಅಭ್ಯಾಸ ಎಂದು ಬಿಟ್ಟುಬಿಡಬಹುದು. ಆದರೆ ಹತ್ತಿರದಿಂದ ನೋಡಿದರೆ ಎಲ್ಲರೂ ಮಾಡುತ್ತಿರುವುದು ಒಂದೇ ಕೆಲಸ: ಎಲೆಯ ಒಗರನ್ನು ಪಳಗಿಸುವುದು. ಯಾವ ನಾಡಿಗೆ ಏನು ಕೈಗೆ ಸಿಕ್ಕಿತೋ ಅದರಿಂದ ಪಳಗಿಸಿತು. ಪಕ್ಕದ ತಟ್ಟೆಯಲ್ಲಿರುವ ತಿಂಡಿಯೂ ಅದಕ್ಕೆ ತಕ್ಕಂತೆ ಬಂದು ಕೂತಿತು.

ಎಲೆಯಲ್ಲಿ ಏನಿದೆ

ಹಸಿರು ಚಹಾ, ನಾವು ದಿನಾ ಬಳಸುವ ಕಪ್ಪು ಪುಡಿ, ಟಿಬೆಟಿನವರ ಇಟ್ಟಿಗೆ ಚಹಾ ಎಲ್ಲವೂ ಒಂದೇ ಗಿಡದ ಎಲೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಕ್ಯಾಮೆಲಿಯಾ ಸೈನೆನ್ಸಿಸ್ ಎಂದು ಹೆಸರು. ಚೀನಾ ತಳಿಯ ಎಲೆ ಸಣ್ಣದು. ಅಸ್ಸಾಂ ತಳಿಯದು ದೊಡ್ಡದು, ಒಗರೂ ಹೆಚ್ಚು. ಉಳಿದ ವ್ಯತ್ಯಾಸವೆಲ್ಲ ಎಲೆ ಕೊಯ್ದ ಮೇಲೆ ಹುಟ್ಟುವಂಥದ್ದು.

ಕೊಯ್ದ ಎಲೆಯನ್ನು ಕೂಡಲೇ ಬಿಸಿ ಮಾಡಿದರೆ ಅದರೊಳಗಿನ ಕಿಣ್ವದ ಕೆಲಸ ನಿಂತು ಹಸಿರು ಹಾಗೇ ಉಳಿಯುತ್ತದೆ. ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ, ಜಪಾನಿನಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ. ಬಿಸಿ ಮಾಡದೆ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಹೆಚ್ಚಿಟ್ಟ ಬದನೆಕಾಯಿ ಕಪ್ಪಾದ ಹಾಗೆ ಅದೂ ಕಪ್ಪಾಗುತ್ತದೆ. ಕಾರಣವೂ ಒಂದೇ. ಎಲೆಯಲ್ಲಿದ್ದ ಕೆಟೆಚಿನ್ ಎಂಬ ಒಗರು ಪದಾರ್ಥಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ದೊಡ್ಡ ಕಣಗಳಾಗುತ್ತವೆ. ಮೊದಲನೆಯದು ಹೊಂಬಣ್ಣವನ್ನೂ ನಾಲಿಗೆಗೆ ಚುರುಕನ್ನೂ ಕೊಡುತ್ತದೆ. ಎರಡನೆಯದರಿಂದ ಕೆಂಗಂದು ಬಣ್ಣ, ಗಟ್ಟಿತನ. ಇವುಗಳ ಜೊತೆಗೆ ಒಣ ಎಲೆಯ ತೂಕದಲ್ಲಿ ಶೇ. 2ರಿಂದ 4ರಷ್ಟು ಕೆಫೀನ್ ಮತ್ತು ಬಾಯಿಗೆ ಹಿತವಾದ ತುಂಬು ರುಚಿ ಕೊಡುವ ಥಿಯನೀನ್ ಇರುತ್ತವೆ.

ಒಗರು ಹುಟ್ಟುವುದು ಹೀಗೆ: ನಮ್ಮ ಜೊಲ್ಲಿನಲ್ಲಿ ಬಾಯಿಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಕೆಟೆಚಿನ್, ಥಿಯಾಫ್ಲೇವಿನ್, ಥಿಯಾರುಬಿಜಿನ್‌ಗಳಿಗೆ ಒಟ್ಟಾಗಿ ಪಾಲಿಫಿನಾಲುಗಳು ಎಂದು ಹೆಸರು. ಚಹಾದ ಈ ಪಾಲಿಫಿನಾಲುಗಳು ಅವಕ್ಕೆ ಅಂಟಿಕೊಳ್ಳುತ್ತವೆ. ನುಣುಪು ಹೋಗುತ್ತದೆ, ಬಾಯಿ ಒರಟಾಗುತ್ತದೆ. ಈ ಸಂಗತಿ ಗೊತ್ತಾದರೆ ಹಾಲಿನ ಪಾತ್ರವೂ ಗೊತ್ತಾದಂತೆ. ಹಾಲಿನ ಕೇಸೀನ್ ಕೂಡ ಪ್ರೋಟೀನೇ. ಪಾಲಿಫಿನಾಲುಗಳು ಬಾಯಿಗೆ ಬರುವ ಮೊದಲೇ ಲೋಟದಲ್ಲಿ ಕೇಸೀನಿಗೆ ಅಂಟಿಕೊಂಡುಬಿಟ್ಟರೆ ಜೊಲ್ಲಿನ ತಂಟೆಗೆ ಬರುವುದು ಕಡಿಮೆ.

ಇದನ್ನು ಮನೆಯಲ್ಲೇ ನೋಡಬಹುದು. ಎರಡು ಚಮಚ ಪುಡಿಯನ್ನು 200 ಮಿ.ಲೀ. ನೀರಿನಲ್ಲಿ 5 ನಿಮಿಷ ಕುದಿಸಿ ಸೋಸಿ, ಎರಡು ಲೋಟಕ್ಕೆ ಸಮನಾಗಿ ಹಂಚಿ. ಒಂದಕ್ಕೆ ಎರಡು ಚಮಚ ನೀರು, ಇನ್ನೊಂದಕ್ಕೆ ಎರಡು ಚಮಚ ಹಾಲು ಹಾಕಿ. ಸಕ್ಕರೆ ಬೇಡ. ಮೊದಲನೆಯದನ್ನು ಒಂದು ಗುಟುಕು ಕುಡಿದು ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ ನೋಡಿ. ಬಾಯಿ ಮುಕ್ಕಳಿಸಿ ಎರಡನೆಯದನ್ನು ಕುಡಿದು ಮತ್ತೆ ಉಜ್ಜಿ. ಕಹಿ ಎರಡರಲ್ಲೂ ಇದೆ. ಆ ಒರಟು ಮಾತ್ರ ಎರಡನೆಯದರಲ್ಲಿ ಬಹಳಷ್ಟು ಇಳಿದಿರುತ್ತದೆ. ಸಕ್ಕರೆ ಕಹಿಯನ್ನು ಮರೆಸುತ್ತದೆ, ಹಾಲು ಒಗರನ್ನು ಹಿಡಿಯುತ್ತದೆ. ಎರಡೂ ಬೇರೆ ಬೇರೆ ಕೆಲಸ.

ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಚೀನಾದ ಬಹುಪಾಲು ನುಡಿಗಳಲ್ಲಿ ಈ ಎಲೆಗೆ 'ಚಾ' ಎಂದೇ ಹೆಸರು. ಫೂಜಿಯನ್ ಕರಾವಳಿಯ ನುಡಿಯಲ್ಲಿ ಮಾತ್ರ 'ತೆ'. ನೆಲದ ದಾರಿಯಲ್ಲಿ ವ್ಯಾಪಾರ ಹೋದ ಕಡೆಗಳಲ್ಲಿ, ಪೋರ್ಚುಗೀಸರು ಮಕಾವುದಿಂದ ಕಲಿತ ಕಡೆಗಳಲ್ಲಿ 'ಚಾ' ಉಳಿಯಿತು. ಡಚ್ಚರ ಹಡಗುಗಳಲ್ಲಿ ಹೋದ ಕಡೆ 'ತೆ', 'ಟೀ' ಆಯಿತು. ಕನ್ನಡದಲ್ಲಿ ಎರಡೂ ಇವೆ. ಧಾರವಾಡದಲ್ಲಿ ಚಹಾ, ಮಂಗಳೂರಿನಲ್ಲಿ ಚಾ, ಮೈಸೂರಿನಲ್ಲಿ ಟೀ.

ನಮ್ಮ ಒಲೆಯ ಮೇಲೆ

ನಾವು ಮಾಡುವ ಚಹಾಕ್ಕೆ ತಕ್ಕ ಪುಡಿ ಬಂದದ್ದು ಒಂದು ಯಂತ್ರದಿಂದ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಸಿ.ಟಿ.ಸಿ. (ಕ್ರಶ್, ಟಿಯರ್, ಕರ್ಲ್) ಯಂತ್ರದಲ್ಲಿ ಹಲ್ಲುಗಳಿರುವ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಕಾಳಿನಂತೆ ಸುರುಳಿಯಾಗಿ ಹೊರಬರುತ್ತದೆ. ಎಲೆಯ ಜೀವಕೋಶಗಳೆಲ್ಲ ಒಡೆದಿರುವುದರಿಂದ ನೀರಿಗೆ ಬಿದ್ದ ಕೂಡಲೇ ಬಣ್ಣ, ಕೆಫೀನ್, ಒಗರು ಎಲ್ಲ ಬಿಟ್ಟುಕೊಡುತ್ತದೆ. ಇಡೀ ಎಲೆಯ ಡಾರ್ಜಿಲಿಂಗಿಗೆ ಹಾಲು ಸುರಿದರೆ ಅದು ಹಾಲಿನಲ್ಲಿ ಮುಳುಗಿಹೋಗುತ್ತದೆ. ಸಿ.ಟಿ.ಸಿ. ಮಾತ್ರ ಹಾಲನ್ನು ಮೀರಿ ನಿಲ್ಲುತ್ತದೆ. ಡಸ್ಟ್ ಎಂದು ಕರೆಯುವ ನುಣ್ಣನೆಯ ಪುಡಿ ದಕ್ಷಿಣದ ಚಹಾ ಅಂಗಡಿಗಳಲ್ಲಿ ಹೆಚ್ಚು ನಡೆಯುವುದಕ್ಕೂ ಇದೇ ಕಾರಣ: ಒಂದು ಕಿಲೋ ಪುಡಿಗೆ ಹೆಚ್ಚು ಲೋಟ ಬರುತ್ತದೆ. ಡಸ್ಟ್ ಎಂದರೆ ಕಸವಲ್ಲ, ಜರಡಿಯಲ್ಲಿ ಕಡೆಗೆ ಇಳಿಯುವ ಸಣ್ಣ ಕಾಳಿಗೆ ಇಟ್ಟ ಹೆಸರು.

ಇಬ್ಬರಿಗೆ ಒಂದು ಒಳ್ಳೆಯ ಅಳತೆ: ನೀರು 200 ಮಿ.ಲೀ., ಹಾಲು 120 ಮಿ.ಲೀ., ಪುಡಿ ಎರಡು ಚಮಚ (ಸುಮಾರು 5 ಗ್ರಾಂ), ಸಕ್ಕರೆ ರುಚಿಗೆ. ನೀರು ಮರಳಿದ ಮೇಲೆ ಪುಡಿ ಹಾಕಿ, ಉರಿ ತಗ್ಗಿಸಿ, ಎರಡು ನಿಮಿಷ ಕುದಿಸಿ. ಹಾಲನ್ನು ಪಕ್ಕದಲ್ಲಿ ಬಿಸಿ ಮಾಡಿಟ್ಟುಕೊಂಡು ಹಾಕಿ, ಎರಡು ಸಲ ಉಕ್ಕು ಬರಿಸಿ ಇಳಿಸಿ. ಒಂದು ನಿಮಿಷ ಮುಚ್ಚಿಟ್ಟರೆ ಪುಡಿ ತಳಕ್ಕೆ ಕೂರುತ್ತದೆ, ಆಮೇಲೆ ಸೋಸಿ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಹಾಲು, ನೀರು, ಪುಡಿ ಒಟ್ಟಿಗೇ ತಣ್ಣಗಿರುವಾಗ ಹಾಕಿ ಒಲೆಗಿಟ್ಟರೆ ಎಲೆಯ ಸತ್ವ ಪೂರ್ತಿ ಬಿಡುವುದಿಲ್ಲ, ಆದ್ದರಿಂದ ಬಣ್ಣ ಬರಲಿಲ್ಲವೆಂದು ಇನ್ನೊಂದು ಚಮಚ ಪುಡಿ ಹೋಗುತ್ತದೆ. ಎರಡನೆಯದು ಅತಿಯಾಗಿ ಕುದಿಸುವುದು. ಸಿ.ಟಿ.ಸಿ. ಪುಡಿಯ ಬಹುಪಾಲು ಸತ್ವ ಮೊದಲ ಎರಡು ಮೂರು ನಿಮಿಷದಲ್ಲೇ ಬಂದಿರುತ್ತದೆ. ಆಮೇಲೆ ಕುದಿಸಿದಷ್ಟೂ ಪರಿಮಳ ಆವಿಯಾಗಿ ಹೋಗುತ್ತದೆ, ಒಗರು ಮಾತ್ರ ಏರುತ್ತದೆ. ಹಳೆಯ ಪುಡಿಯ ಮೇಲೆ ಹೊಸ ಪುಡಿ ಹಾಕಿ ಮತ್ತೆ ಮತ್ತೆ ಕುದಿಸಿದ ಚಹಾ ಬಾಯಲ್ಲಿ ಕಟ್ಟಿಕೊಂಡಂತಾಗುವುದು ಇದರಿಂದಲೇ.

ಮೂರನೆಯದು ಶುಂಠಿ. ಹಸಿಶುಂಠಿ ಹಾಕಿದ ಚಹಾ ಒಡೆಯಿತೆಂದು ಹಾಲಿನವನನ್ನು ದೂರುವವರು ಬಹಳ. ತಪ್ಪು ಹೆಚ್ಚಾಗಿ ಹಾಲಿನದಲ್ಲ. ಹಸಿಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದಿದೆ. ಬೆಚ್ಚಗಿನ ಹಾಲಿಗೆ ಅದು ಬಿದ್ದರೆ ಹಾಲು ಒಡೆಯುತ್ತದೆ. ಜಜ್ಜಿದ ಶುಂಠಿಯನ್ನು ಮೊದಲು ನೀರಿನಲ್ಲಿ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ, ಆಮೇಲೆ ಹಾಲು ಹಾಕಿದರೆ ಏನೂ ಆಗುವುದಿಲ್ಲ. ಬೆಲ್ಲದ ಚಹಾದ ಸಂಗತಿ ಬೇರೆ. ಬೆಲ್ಲ ತುಸು ಹುಳಿಯಿದ್ದರೆ ಕುದಿಯುವ ಹಾಲನ್ನು ಒಡೆಯುತ್ತದೆ. ಇಳಿಸಿ ಅರ್ಧ ನಿಮಿಷ ಬಿಟ್ಟು ಬೆಲ್ಲದ ಪುಡಿ ಹಾಕಿ ಕದಡಿ, ಅಥವಾ ಲೋಟದ ತಳದಲ್ಲಿ ಬೆಲ್ಲವಿಟ್ಟು ಮೇಲೆ ಚಹಾ ಸೋಸಿ.

ಕರಾವಳಿಯ ಅಂಗಡಿಗಳಲ್ಲಿ ಕುದಿಸುವ ಗೋಜೇ ಇಲ್ಲ. ಬಾಯ್ಲರಿನ ಮರಳುವ ನೀರನ್ನು ಬಟ್ಟೆ ಚೀಲದಲ್ಲಿರುವ ಡಸ್ಟ್ ಪುಡಿಯ ಮೇಲೆ ಹುಯ್ದು, ಆ ಕಡುಸಾರವನ್ನು ಬಿಸಿ ಹಾಲಿಗೆ ಸೇರಿಸಿ, ಎತ್ತರದಿಂದ ಹುಯ್ದು ನೊರೆ ಎಬ್ಬಿಸುತ್ತಾರೆ. ಹಾಲಿಲ್ಲದೆ ನಿಂಬೆರಸ ಹಿಂಡಿದರೆ ಸುಲೈಮಾನಿ. ನಿಂಬೆ ಬಿದ್ದ ಕೂಡಲೇ ಕಡುಬಣ್ಣ ತಿಳಿಯಾಗಿ ಕೆಂಬಂಗಾರವಾಗುವುದು ಥಿಯಾರುಬಿಜಿನ್ ಹುಳಿಗೆ ಬಣ್ಣ ಬದಲಿಸುವುದರಿಂದ. ಇದರ ಎದುರು ಪರೀಕ್ಷೆ ಬೇಕಿದ್ದರೆ ಗಡಸು ನೀರಿನ ಬೋರ್‌ವೆಲ್ ಇರುವ ಊರಿಗೆ ಹೋಗಬೇಕು. ಹಾಲಿಲ್ಲದ ಚಹಾ ಮಾಡಿ ಹತ್ತು ನಿಮಿಷ ಬಿಟ್ಟರೆ ಮೇಲೆ ಎಣ್ಣೆಯಂಥ ಕಂದು ಪೊರೆ ಕಟ್ಟುತ್ತದೆ. ನೀರಿನ ಸುಣ್ಣದಂಶ ಮತ್ತು ಪಾಲಿಫಿನಾಲು ಗಾಳಿಯೊಡನೆ ಸೇರಿ ಆಗುವ ಪೊರೆ ಅದು. ಎರಡು ಹನಿ ನಿಂಬೆರಸ ಹಾಕಿದರೆ ಕಟ್ಟುವುದಿಲ್ಲ.

ಇನ್ನು ತಟ್ಟೆಯ ಮಾತು. ಹುಬ್ಬಳ್ಳಿ, ಬೆಳಗಾವಿ ಕಡೆ ಎದ್ದ ಕೂಡಲೇ ಚಹಾ, ಜೊತೆಗೆ ಅದ್ದಿ ತಿನ್ನಲು ಖಾರಿ ಅಥವಾ ಟೋಸ್ಟ್. ಖಾಲಿ ಹೊಟ್ಟೆಗೆ ಕಡುಚಹಾ ಬಿದ್ದರೆ ಕೆಲವರಿಗೆ ವಾಕರಿಕೆ ಬರುತ್ತದೆ. ಒಣ ಹಿಟ್ಟಿನ ತಿನಿಸು ಅದನ್ನು ತಡೆಯುತ್ತದೆ. ನಾಷ್ಟಾ ಆಮೇಲೆ: ಅವಲಕ್ಕಿ, ಸೂಸಲ, ಉಪ್ಪಿಟ್ಟು, ಶಿರಾ. ಹೊಲಕ್ಕೆ ಹೋಗುವವರಿಗೆ ನ್ಯಾರಿಗೆ ರೊಟ್ಟಿ. ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿ ಬೋಂಡಾಕ್ಕೆ ಖಡಕ್ ಚಹಾ ಹೊಂದುವಷ್ಟು ಇನ್ನೊಂದು ಪಾನೀಯ ಹೊಂದುವುದಿಲ್ಲ. ಬಾಯಿಗೆ ಹತ್ತಿದ ಎಣ್ಣೆಯನ್ನು ಒಗರು ತೊಳೆಯುತ್ತದೆ, ಖಾರಕ್ಕೆ ಹಾಲು ತಂಪು ಕೊಡುತ್ತದೆ. ಇಡ್ಲಿ-ದೋಸೆಯ ಹುಳಿಗೆ ಮಾತ್ರ ಒಗರು ಅಷ್ಟಾಗಿ ಕೂಡಿಬರುವುದಿಲ್ಲ. ಹಳೇ ಮೈಸೂರಿನ ಹೋಟೆಲುಗಳಲ್ಲಿ ಇಡ್ಲಿಯ ಪಕ್ಕ ಕಾಫಿ ಕೂತಿರುವುದಕ್ಕೆ ಚಿಕ್ಕಮಗಳೂರು, ಕೊಡಗಿನ ತೋಟಗಳು ಹತ್ತಿರವಿರುವುದು ದೊಡ್ಡ ಕಾರಣ. ನಾಲಿಗೆಯ ಕಾರಣವೂ ಒಂದಿಷ್ಟು ಇದೆ ಎಂದೇ ತೋರುತ್ತದೆ.

ಗುಲಾಬಿ ಬಣ್ಣದ ಉಪ್ಪು ಚಹಾ

ಕಾಶ್ಮೀರದ ನೂನ್ ಚಾಯ್‌ನ 'ನೂನ್' ಎಂದರೆ ಉಪ್ಪು. ಬಣ್ಣ ಗುಲಾಬಿ. ಬಣ್ಣದ ಪುಡಿ ಬೆರೆಸದೆ ಆ ಗುಲಾಬಿ ಬರುವುದು ಹೇಗೆ ಎಂಬುದು ಅಡುಗೆಮನೆಯ ರಸಾಯನಶಾಸ್ತ್ರದ ಅತಿ ಚಂದದ ಪಾಠ.

ಇದಕ್ಕೆ ಬೇಕಾದದ್ದು ಹಸಿರು ಎಲೆ. ನಾಲ್ಕು ಜನಕ್ಕೆ ಎರಡು ದೊಡ್ಡ ಚಮಚ ಎಲೆ, ಎರಡು ಲೋಟ ನೀರು, ಕಾಲು ಚಮಚ ಅಡುಗೆ ಸೋಡಾ. ಕುದಿಯಲು ಇಟ್ಟು 20ರಿಂದ 30 ನಿಮಿಷ ಬಿಡಬೇಕು. ಸೋಡಾದಿಂದ ನೀರು ಕ್ಷಾರವಾಗುತ್ತದೆ. ಕ್ಷಾರದಲ್ಲಿ ಹಸಿರು ಎಲೆಯ ಪಾಲಿಫಿನಾಲುಗಳು ಗಾಳಿಯ ಆಮ್ಲಜನಕವನ್ನು ಬೇಗ ಹೀರಿ ಕೆಂಪಾಗುತ್ತವೆ. ನೀರು ಅರ್ಧಕ್ಕೆ ಇಳಿದಾಗ ರಕ್ತಚಂದನದಂಥ ಬಣ್ಣ ಬಂದಿರುತ್ತದೆ. ಆಗ ಒಂದು ಲೋಟ ತಣ್ಣೀರು ಸುರಿದು, ಸೌಟಿನಿಂದ ಎತ್ತಿ ಎತ್ತಿ ಹುಯ್ಯುತ್ತಾ ಹತ್ತು ನಿಮಿಷ ಗಾಳಿ ಕೂಡಿಸಬೇಕು. ಕೈ ನೋಯುವ ಕೆಲಸವೇ, ಆದರೆ ಬಣ್ಣ ಬಿಡಿಸುವುದು ಅದೇ. ಮತ್ತೆ ಕುದಿಸಿ, ಸೋಸಿ, ಎರಡು ಲೋಟ ಹಾಲು ಸೇರಿಸಿದರೆ ಕೆಂಪು ಮತ್ತು ಬಿಳಿ ಕೂಡಿ ಗುಲಾಬಿ. ಕಡೆಗೆ ಅರ್ಧ ಚಮಚ ಉಪ್ಪು.

ನಮ್ಮ ಕಡೆ ಇದನ್ನು ಮಾಡಹೋಗಿ ಕೈಸುಟ್ಟುಕೊಳ್ಳುವವರು ಮನೆಯಲ್ಲಿರುವ ಕಪ್ಪು ಪುಡಿಯನ್ನೇ ಬಳಸಿರುತ್ತಾರೆ. ಕಪ್ಪು ಪುಡಿಯ ಪಾಲಿಫಿನಾಲುಗಳು ಕಾರ್ಖಾನೆಯಲ್ಲೇ ಗಾಳಿ ಕುಡಿದು ಮುಗಿಸಿವೆ, ಹೊಸದಾಗಿ ಕೆಂಪಾಗಲು ಏನೂ ಉಳಿದಿಲ್ಲ. ಸೋಡಾ ಹಾಕಿದರೆ ಕೆಸರುಗಪ್ಪು ಬರುತ್ತದೆ. ಹಸಿರು ಎಲೆಗೂ ಸೋಡಾ ಅತಿಯಾದರೆ ಸಾಬೂನಿನ ರುಚಿ. ಉಪ್ಪಿಗೂ ಒಂದು ಕೆಲಸವಿದೆ: ಅಷ್ಟು ಹೊತ್ತು ಕುದಿಸಿದ ಎಲೆಯ ಕಹಿಯನ್ನು ಅದು ಸಕ್ಕರೆಗಿಂತ ಚೆನ್ನಾಗಿ ಅಡಗಿಸುತ್ತದೆ. ಹುರಿಗಡಲೆಯಷ್ಟು ಉಪ್ಪು ಕಹಿ ಕಾಫಿಯನ್ನೂ ಮೆತ್ತಗೆ ಮಾಡುತ್ತದೆ.

ಜೊತೆಗಿನ ತಿಂಡಿ ಮನೆಯಲ್ಲಿ ಆಗುವುದಿಲ್ಲ, ಕೇರಿಯ ಕಾಂದುರ್ ಎಂಬ ರೊಟ್ಟಿಗಾರನ ತಂದೂರಿನಿಂದ ಬರುತ್ತದೆ. ಬೆರಳಚ್ಚಿನ ಗೆರೆಗಳಿರುವ ದಪ್ಪ ಗಿರ್ದಾ, ತೆಳ್ಳನೆಯ ಲವಾಸಾ. ಬಿಸಿ ಗಿರ್ದಾಕ್ಕೆ ಬೆಣ್ಣೆ ಸವರಿ, ಹರಿದು, ಉಪ್ಪು ಚಹಾದಲ್ಲಿ ಅದ್ದಿ ತಿನ್ನುವುದು. ರೊಟ್ಟಿಯಲ್ಲಿ ಉಪ್ಪು ಕಡಿಮೆ, ಆ ಉಪ್ಪನ್ನು ಲೋಟವೇ ಕೊಡುತ್ತದೆ. ಚಹಾವೆಂದು ನೋಡುವುದಕ್ಕಿಂತ ಸಾರೆಂದು ನೋಡಿದರೆ ಇದು ಬೇಗ ಒಗ್ಗುತ್ತದೆ.

ಬೈಲಕುಪ್ಪೆಯಲ್ಲಿ ಬೆಣ್ಣೆ ಕಡೆಯುವ ಸದ್ದು

ಆ ಸಾರಿನ ಗುಣ ಇನ್ನೂ ಮುಂದೆ ಹೋಗುವುದು ಟಿಬೆಟಿನಲ್ಲಿ. ಅದನ್ನು ನೋಡಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ, ಉತ್ತರ ಕನ್ನಡದ ಮುಂಡಗೋಡಿನಲ್ಲಿ ಆ ದಶಕದ ನಡುವಿನಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ಚಹಾದ ಹೆಸರು ಪೋ ಚಾ, ಅಂದರೆ ಟಿಬೆಟ್ ಚಹಾ.

ಎಲೆ ಚೀನಾದ ಸಿಚುವಾನ್ ಕಡೆಯಿಂದ ಇಟ್ಟಿಗೆಯಂತೆ ಒತ್ತಿ ಕಟ್ಟಿದ್ದು. ಕಡಿದಾದ ಬೆಟ್ಟದ ದಾರಿಗಳಲ್ಲಿ ಹೊರುವವರು, ಹೇಸರಗತ್ತೆಗಳು ಸಾಗಿಸಬೇಕಾದ ಸರಕು ಅಡಕವಾಗಿ, ಮುರಿಯದಂತೆ, ಮಳೆಗೆ ಬೇಗ ಕೆಡದಂತೆ ಇರಬೇಕಿತ್ತು. ಹಾಗಾಗಿ ಇಟ್ಟಿಗೆ. ಅದರಲ್ಲಿ ಬಲಿತ ಎಲೆ, ಕಡ್ಡಿ ಎಲ್ಲ ಇರುತ್ತವೆ. ಒಂದು ತುಂಡು ಮುರಿದು ಗಂಟೆಗಟ್ಟಲೆ ಕುದಿಸಿದ ಕಡುಸಾರವನ್ನು ಸೋಸಿಟ್ಟುಕೊಂಡು, ಬೇಕಾದಾಗ ಅದಕ್ಕೆ ಬಿಸಿನೀರು ಬೆರೆಸುತ್ತಾರೆ. ಒಂದು ಲೀಟರಿನಷ್ಟು ಹದವಾದ ಚಹಾಕ್ಕೆ 30ರಿಂದ 40 ಗ್ರಾಂ ಬೆಣ್ಣೆ, ಅರ್ಧ ಚಮಚ ಉಪ್ಪು, ಇದ್ದರೆ ಅರ್ಧ ಲೋಟ ಹಾಲು. ಇದನ್ನು ಉದ್ದ ಮರದ ಕೊಳವೆಯಂಥ ದೊಂಗ್ಮೊದಲ್ಲಿ ಹಾಕಿ ಕೋಲಿನಿಂದ ಮೇಲೆ ಕೆಳಗೆ ಎಳೆದು ಕಡೆಯುತ್ತಾರೆ. ಈಗಿನ ಅಡುಗೆಮನೆಯಲ್ಲಿ ಮಿಕ್ಸಿ ಅದೇ ಕೆಲಸ ಮಾಡುತ್ತದೆ.

ಕಡೆಯುವುದನ್ನು ಬಿಟ್ಟರೆ ಬೆಣ್ಣೆ ಮೇಲೆ ತೇಲುತ್ತದೆ, ತುಟಿಗೆ ಮೇಣ ಹತ್ತಿದಂತಾಗುತ್ತದೆ. ಚಹಾ ಚೆನ್ನಾಗಿ ಬಿಸಿಯಿರಬೇಕು, ಎರಡು ಮೂರು ನಿಮಿಷ ಜೋರಾಗಿ ಕಡೆಯಬೇಕು. ಆಗ ಕೊಬ್ಬು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಹರಡುತ್ತದೆ, ಬಣ್ಣ ಕೆನೆಗಂದು ಆಗುತ್ತದೆ. ಇಲ್ಲಿ ಒಗರನ್ನು ಪಳಗಿಸುವುದರಲ್ಲಿ ಕೊಬ್ಬಿಗೆ ದೊಡ್ಡ ಪಾಲು: ಬಾಯೊಳಗೆ ತೆಳುವಾಗಿ ಹರಡಿ ಒಗರು ನೇರವಾಗಿ ತಟ್ಟದಂತೆ ಮಾಡುತ್ತದೆ. ನಾಲ್ಕು ಸಾವಿರ ಮೀಟರ್ ಎತ್ತರದ ಚಳಿ, ಒಣ ಗಾಳಿಯಲ್ಲಿ ಬೆಣ್ಣೆ ಕೊಡುವ ಕಸುವು, ತುಟಿ ಒಡೆಯದಂತೆ ಕಾಪಾಡುವ ಜಿಡ್ಡು, ಬೆವರು-ಉಸಿರಿನಲ್ಲಿ ಹೋದ ನೀರು-ಉಪ್ಪು ಎಲ್ಲವೂ ಒಂದೇ ಬಟ್ಟಲಲ್ಲಿ ಸಿಗುತ್ತದೆ. ಅಲ್ಲಿ ತರಕಾರಿ ಬೆಳೆಯುವುದು ಕಷ್ಟ. ಚಹಾ ಅಲ್ಲಿ ಉಲ್ಲಾಸದ ಪಾನೀಯಕ್ಕಿಂತ ಊಟದ ಭಾಗ.

ತಿಂಡಿಯೂ ಅದೇ ಬಟ್ಟಲಲ್ಲಿ ಆಗುತ್ತದೆ. ಹುರಿದು ಬೀಸಿದ ಬಾರ್ಲಿಯ ಹಿಟ್ಟಿಗೆ ತ್ಸಂಪಾ ಎಂದು ಹೆಸರು. ಬಟ್ಟಲಲ್ಲಿ ಒಂದೆರಡು ಗುಟುಕು ಚಹಾ ಉಳಿಸಿ, ಮೇಲೆ ಹಿಟ್ಟು ಸುರಿದು, ಎಡಗೈಯಲ್ಲಿ ಬಟ್ಟಲು ತಿರುಗಿಸುತ್ತಾ ಬಲಗೈ ಬೆರಳುಗಳಿಂದ ಅಂಚಿಗೆ ಒತ್ತಿ ಒತ್ತಿ ಕಲಸುತ್ತಾರೆ. ಹಿಟ್ಟು ಮೊದಲೇ ಹುರಿದದ್ದರಿಂದ ಬೇಯಿಸಬೇಕಿಲ್ಲ. ಸೌದೆ ಸಿಗದ ನಾಡಿಗೆ ಇದಕ್ಕಿಂತ ಜಾಣತನದ ತಿಂಡಿ ಇರಲಾರದು. ನಮ್ಮ ಹುರಿಹಿಟ್ಟು ತಿಂದವರಿಗೆ ತ್ಸಂಪಾದ ವಾಸನೆ ಪರಿಚಿತವೇ ಅನ್ನಿಸುತ್ತದೆ. ಮನೆಗೆ ಹೋದ ಅತಿಥಿಯ ಬಟ್ಟಲನ್ನು ಅವರು ಖಾಲಿಯಾಗಲು ಬಿಡುವುದಿಲ್ಲ. ಒಂದು ಗುಟುಕು ಕುಡಿದರೆ ಮತ್ತೆ ಅಂಚಿನವರೆಗೆ ತುಂಬುತ್ತಾರೆ. ಸಾಕಾದವರು ಬಟ್ಟಲನ್ನು ತುಂಬಿದ ಹಾಗೇ ಬಿಟ್ಟು, ಹೊರಡುವ ಹೊತ್ತಿಗೆ ಕುಡಿಯುವುದು ವಾಡಿಕೆ.

ನೀರಿನಿಂದಲೇ ಪಳಗಿಸುವವರು

ತುರ್ಕಿ ಭಾಷೆಯಲ್ಲಿ ಬೆಳಗಿನ ತಿಂಡಿಗೆ ಕಹ್ವಾಲ್ತಿ ಎನ್ನುತ್ತಾರೆ. ಪದ ಬಿಡಿಸಿದರೆ ಕಾಫಿಗೆ ಮುಂಚಿನದು ಎಂದಾಗುತ್ತದೆ. ಆದರೆ ಆ ತಟ್ಟೆಯ ಪಕ್ಕ ಇರುವುದು ಚಹಾ. ಕಾಫಿ ಬೆಳೆಯುವ ಯೆಮೆನ್ ತುರ್ಕಿಯ ಆಟೊಮನ್ ಸಾಮ್ರಾಜ್ಯದ ಕೈಯಲ್ಲಿದ್ದಷ್ಟು ಕಾಲ ಕಾಫಿ ಸಲೀಸಾಗಿ ಬರುತ್ತಿತ್ತು. ಮೊದಲ ಮಹಾಯುದ್ಧದ ನಂತರ ಸಾಮ್ರಾಜ್ಯ ಮುರಿಯಿತು, ಕಾಫಿ ಆಮದಿನ ದುಬಾರಿ ಸರಕಾಯಿತು. 1924ರಲ್ಲಿ ಕಪ್ಪುಸಮುದ್ರದ ದಂಡೆಯ ರಿಜೆ ಭಾಗದಲ್ಲಿ ಚಹಾ ಬೆಳೆಸಲು ಕಾನೂನು ಬಂತು, 1947ರಲ್ಲಿ ಅಲ್ಲಿ ಮೊದಲ ಚಹಾ ಕಾರ್ಖಾನೆ ಶುರುವಾಯಿತು. ಈಗ ತಲಾ ಬಳಕೆಯಲ್ಲಿ ತುರ್ಕಿ ಜಗತ್ತಿನ ಮುಂಚೂಣಿಯಲ್ಲಿದೆ. ಒಂದು ದೇಶದ ಬೆಳಗಿನ ಪಾನೀಯ ಎರಡು ಮೂರು ತಲೆಮಾರಿನಲ್ಲಿ ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಅವರ ಪಾತ್ರೆ ಚಾಯ್‌ದಾನ್ಲಿಕ್: ಒಂದರ ಮೇಲೊಂದು ಕೂರುವ ಎರಡು ಕೆಟಲ್. ಕೆಳಗಿನದರಲ್ಲಿ ನೀರು ಮರಳುತ್ತದೆ. ಮೇಲಿನದರಲ್ಲಿ ತಲೆಗೊಂದು ಚಮಚ ಎಲೆ ಹಾಕಿ, ಕೆಳಗಿನ ನೀರು ಮರಳಿದಾಗ ಸ್ವಲ್ಪ ಮೇಲಕ್ಕೆ ಹುಯ್ದು, ಮತ್ತೆ ಮೇಲಿಟ್ಟು ಸಣ್ಣ ಉರಿಯಲ್ಲಿ 15 ನಿಮಿಷ ಬಿಡುತ್ತಾರೆ. ಮೇಲಿನ ಪಾತ್ರೆ ಉರಿಗೆ ತಾಗುವುದಿಲ್ಲ, ಹಬೆಯ ಕಾವಿನಲ್ಲಷ್ಟೇ ಇರುತ್ತದೆ. ಅದರಿಂದ ಎಲೆ ಕುದಿಯದೆ ನಿಧಾನವಾಗಿ ಸಾರ ಬಿಡುತ್ತದೆ. ನಡುಸಣ್ಣ ಗಾಜಿನ ಲೋಟಕ್ಕೆ ಮೂರನೇ ಒಂದು ಭಾಗ ಕಡುಸಾರ, ಉಳಿದದ್ದು ಕೆಳಗಿನ ಬಿಸಿನೀರು. ಕಡು ಬೇಕೋ ತಿಳಿ ಬೇಕೋ ಕುಡಿಯುವವರೇ ಹೇಳುತ್ತಾರೆ. ಹದವಾಗಿ ಬಂದ ಕೆಂಪಿಗೆ ಅವರು ಮೊಲದ ರಕ್ತದ ಬಣ್ಣ ಎನ್ನುತ್ತಾರೆ. ಗಾಜು ಇರುವುದೇ ಆ ಬಣ್ಣ ನೋಡಲಿಕ್ಕೆ, ಹಾಲು ಹಾಕಿದರೆ ಅದು ಸತ್ತಂತೆ. ಒಗರನ್ನು ಇಲ್ಲಿ ನೀರೇ ತೆಳುಮಾಡುತ್ತದೆ, ಉಳಿದದ್ದನ್ನು ತಟ್ಟೆ ನೋಡಿಕೊಳ್ಳುತ್ತದೆ: ಉಪ್ಪಾದ ಬಿಳಿ ಚೀಸು, ಆಲಿವ್ ಕಾಯಿ, ಟೊಮೆಟೊ, ಸೌತೆಕಾಯಿ, ಮೊಟ್ಟೆ, ಎಳ್ಳು ಅಂಟಿದ ಬಳೆಯಾಕಾರದ ಸಿಮಿತ್ ರೊಟ್ಟಿ, ಜೇನಿನೊಂದಿಗೆ ಕೆನೆ. ಹಾಲಿನ ಪ್ರೋಟೀನು ಲೋಟದಲ್ಲಿ ಇಲ್ಲದಿದ್ದರೇನು, ಚೀಸಿನ ರೂಪದಲ್ಲಿ ಬಾಯಿಗೆ ಬಂದೇ ಬರುತ್ತದೆ.

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಬೆಳಗಿನ ತಿಂಡಿಗೆ ಹೋಗುವುದನ್ನು ಚಹಾ ಕುಡಿಯುವುದು ಎಂದೇ ಕರೆಯುತ್ತಾರೆ: ಯಮ್ ಚಾ. ಹಬೆಯಲ್ಲಿ ಬೆಂದ ಹಂದಿಮಾಂಸದ ಕಡುಬು, ಸೀಗಡಿಯ ಕಡುಬಿನ ಜಿಡ್ಡಿಗೆ ಅಲ್ಲಿ ಹುದುಗಿಸಿದ ಪು-ಅರ್ ಚಹಾ ಹೆಚ್ಚು ಇಷ್ಟ. ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಕೆಟಲಿನ ಮುಚ್ಚಳ ಅರ್ಧ ತೆರೆದಿಟ್ಟರೆ ನೀರು ಬೇಕೆಂದು ಅರ್ಥ. ಯಾರಾದರೂ ಬಟ್ಟಲು ತುಂಬಿದರೆ ಎರಡು ಬೆರಳಿನಿಂದ ಮೇಜು ತಟ್ಟಿ ವಂದನೆ ಹೇಳುತ್ತಾರೆ.

ಜಪಾನಿನವರ ಉಪಾಯ ಶಾಖ. ಥಿಯನೀನ್ ಕಡಿಮೆ ಬಿಸಿಯ ನೀರಿಗೂ ಇಳಿಯುತ್ತದೆ, ಒಗರಿನ ಕೆಟೆಚಿನ್ ಇಳಿಯಲು ಹೆಚ್ಚು ಬಿಸಿ ಬೇಕು. ಹಾಗಾಗಿ ಸೆಂಚಾ ಎಂಬ ಹಸಿರು ಚಹಾಕ್ಕೆ 70ರಿಂದ 80 ಡಿಗ್ರಿ ಸೆಲ್ಸಿಯಸ್ ನೀರು, ಒಂದು ನಿಮಿಷ. ನೆರಳಲ್ಲಿ ಬೆಳೆಸಿದ ಗ್ಯೊಕುರೊಕ್ಕೆ 50ರಿಂದ 60 ಸಾಕು. ನಮ್ಮಲ್ಲಿ ಹಸಿರು ಚಹಾ ಕೊಂಡು ತಂದು ಕಷಾಯದಂತೆ ಕುದಿಸಿ, ಕಹಿ ಎಂದು ಮೂಲೆಗಿಡುವುದು ಸಾಮಾನ್ಯ. ನೀರು ಮರಳಿದ ಮೇಲೆ ಒಂದು ಲೋಟದಿಂದ ಇನ್ನೊಂದಕ್ಕೆ ಎರಡು ಸಲ ಹುಯ್ದು, ಆಮೇಲೆ ಎಲೆಗೆ ಹಾಕಿ ನೋಡಿದರೆ ಅದೇ ಎಲೆ ಬೇರೆಯೇ ಚಹಾ ಆಗುತ್ತದೆ. ಅನ್ನ, ಮಿಸೊ ಸಾರು, ಸುಟ್ಟ ಮೀನಿನ ಅವರ ತಿಂಡಿಗೆ ಹುರಿದ ಹೋಜಿಚಾ, ಹುರಿದ ಅಕ್ಕಿ ಬೆರೆತ ಗೆನ್‌ಮೈಚಾ ಕೂಡ ಹೊಂದುತ್ತವೆ.

ಮೊರಾಕ್ಕೊದಲ್ಲಿ ಚೀನಾದ ಹಸಿರು ಎಲೆಗೆ ಹಿಡಿ ಪುದೀನ, ಧಾರಾಳ ಸಕ್ಕರೆ. ಎಲೆಯನ್ನು ಮೊದಲು ಬಿಸಿನೀರಿನಲ್ಲಿ ಒಮ್ಮೆ ತೊಳೆದು ಆ ನೀರು ಚೆಲ್ಲುತ್ತಾರೆ. ಒಗರಿನ ಮೊದಲ ಹೊಡೆತ ಅಲ್ಲೇ ಕಡಿಮೆಯಾಗುತ್ತದೆ.

ಇಂಗ್ಲೆಂಡಿನ ದಾರಿ ನಮ್ಮದಕ್ಕೆ ಹತ್ತಿರ. 1839ರಲ್ಲಿ ಅಸ್ಸಾಮಿನ ಚಹಾ ಮೊದಲ ಸಲ ಲಂಡನ್ನಿನಲ್ಲಿ ಹರಾಜಾಯಿತು. ಇಂದಿನ ಅಲ್ಲಿನ ಬೆಳಗಿನ ಚಹಾ ಅಸ್ಸಾಂ, ಸಿಲೋನ್, ಕೀನ್ಯಾ ಎಲೆಗಳ ಮಿಶ್ರಣ. ಮೊಟ್ಟೆ, ಬೇಕನ್, ಸಾಸೇಜು, ಟೋಸ್ಟಿನ ಉಪ್ಪು-ಕೊಬ್ಬಿಗೆ ಎದುರು ನಿಲ್ಲಬೇಕಾದ ಚಹಾ ಅದು. ಅವರು ಕುದಿಸುವುದಿಲ್ಲ, ಮರಳಿದ ನೀರು ಹುಯ್ದು 3ರಿಂದ 5 ನಿಮಿಷ ಬಿಟ್ಟು ಹಾಲು ಸೇರಿಸುತ್ತಾರೆ. ಹಾಲು ಮೊದಲೋ ಚಹಾ ಮೊದಲೋ ಎಂಬ ಅವರ ಹಳೆಯ ಜಗಳಕ್ಕೂ ಅರ್ಥವಿದೆ: ತಣ್ಣನೆಯ ಹಾಲನ್ನು ಸುಡುಚಹಾಕ್ಕೆ ಸುರಿದರೆ ಹನಿಹನಿಯಾಗಿ ಬಿದ್ದ ಹಾಲು 75 ಡಿಗ್ರಿ ಮೀರಿ ಕಾದು ಬೆಂದ ಹಾಲಿನ ವಾಸನೆ ಬರುತ್ತದೆ. ಹಾಲಿನ ಮೇಲೆ ಚಹಾ ಹುಯ್ದರೆ ನಿಧಾನವಾಗಿ ಕಾಯುತ್ತದೆ. ಹಾಲನ್ನೇ ಕುದಿಸುವ ನಮಗೆ ಆ ಬೆಂದ ವಾಸನೆಯೇ ಬೇಕು, ಹಾಗಾಗಿ ಆ ಜಗಳ ನಮ್ಮಲ್ಲಿಲ್ಲ. ಚಹಾಗಳನ್ನು ಹೋಲಿಸಿ ರುಚಿ ನೋಡಲು 1980ರಿಂದ ಐ.ಎಸ್.ಓ. 3103 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ: 100 ಮಿ.ಲೀ. ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅದು ದೋಷ ಎತ್ತಿ ತೋರಿಸಲು ಮಾಡಿದ ಅಳತೆ, ಮನೆಯಲ್ಲಿ ಕುಡಿಯಲು ತೀರ ಕಡು.

ತಿಂಡಿಗೆ ಮೊದಲೋ ಆಮೇಲೋ

ಒಗರಿಗೆ ಇನ್ನೊಂದು ಮುಖವಿದೆ, ಅದು ಬಾಯಿಗೆ ಗೊತ್ತಾಗುವುದಿಲ್ಲ. ಜೊಲ್ಲಿನ ಪ್ರೋಟೀನಿಗೆ ಅಂಟುವ ಪಾಲಿಫಿನಾಲು ಹೊಟ್ಟೆಯಲ್ಲಿ ಕಬ್ಬಿಣಕ್ಕೂ ಅಂಟುತ್ತದೆ. ಸೊಪ್ಪು, ಕಾಳು, ರಾಗಿ, ಜೋಳದಿಂದ ಬರುವ ಕಬ್ಬಿಣ ಆಗ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಮಾಂಸದಿಂದ ಬರುವ ಕಬ್ಬಿಣದ ಮೇಲೆ ಈ ಪರಿಣಾಮ ಅಷ್ಟಿಲ್ಲ. ಬೇಕನ್ ತಿನ್ನುವ ಇಂಗ್ಲಿಷರಿಗಿಂತ ರೊಟ್ಟಿ-ಪಲ್ಯ ತಿನ್ನುವ ನಮಗೆ ಇದು ಹೆಚ್ಚು ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಕಾರಣಗಳು ಹಲವು. ಚಹಾದ ಹೊತ್ತು ಬದಲಿಸುವುದು ಮಾತ್ರ ಖರ್ಚಿಲ್ಲದೆ ನಾಳೆಯಿಂದಲೇ ಮಾಡಬಹುದಾದ ಕೆಲಸ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ-ಕಾಫಿ ಬೇಡ ಎಂದಿದೆ. ಹಾಲು ಹಾಕಿದ್ದೇವಲ್ಲ ಎಂದು ಸಮಾಧಾನ ಪಡುವಂತಿಲ್ಲ. ಹಾಲು ಬಾಯಿಯ ಒಗರನ್ನು ತಗ್ಗಿಸುತ್ತದೆಯೇ ಹೊರತು ಕಬ್ಬಿಣದ ನಷ್ಟವನ್ನು ಪೂರ್ತಿ ತುಂಬಿಕೊಡುವುದಿಲ್ಲ.

ಸುಡುಸುಡು ಕುಡಿಯುವ ಅಭ್ಯಾಸವನ್ನೂ ಬಿಡಬೇಕು. 65 ಡಿಗ್ರಿಗಿಂತ ಹೆಚ್ಚು ಬಿಸಿಯಿರುವ ಪಾನೀಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವುಳ್ಳವು ಎಂದು ಗುರುತಿಸಿದೆ. ಚಹಾದ ತಪ್ಪಲ್ಲ ಅದು, ಬಿಸಿಯದು. ಸ್ಟೀಲ್ ಲೋಟಕ್ಕೆ ಸೋಸಿದ ಚಹಾವನ್ನು ಬಟ್ಟಲಿಗೆ ಎರಡು ಸಲ ಎತ್ತಿ ಹುಯ್ದರೆ ಕುಡಿಯುವ ಹದಕ್ಕೆ ಬರುತ್ತದೆ.

ಎದ್ದ ಕೂಡಲೇ ಒಂದು ಚಹಾ, ಒಂದೂವರೆ ಗಂಟೆ ಬಿಟ್ಟು ನಾಷ್ಟಾ ಎಂಬ ಉತ್ತರ ಕರ್ನಾಟಕದ ಹಳೆಯ ಕ್ರಮ ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಲೆಕ್ಕ ತಪ್ಪುವುದು ತಟ್ಟೆ ತೊಳೆಯುವ ಮುಂಚೆಯೇ ಬರುವ ಎರಡನೆಯ ಲೋಟದಿಂದ. ಎಂಟೂವರೆಗೆ ಅವಲಕ್ಕಿಯ ಮೇಲೆ ಅರ್ಧ ಹೋಳು ನಿಂಬೆ ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣ ಸೇರಲು ನೆರವಾಗುತ್ತದೆ. ಆ ಎರಡನೆಯ ಲೋಟ ಹತ್ತಕ್ಕೆ ಬರಲಿ.